ಮೊದಲ ಸಲಕ್ಕೇ ತೀರ್ಪು

2013ರ ಜೂನ್‌ನಲ್ಲಿ ಜ್ಯಾಕ್ ಸ್ನೈಡರ್ ನಿರ್ದೇಶನದ ‘ಮ್ಯಾನ್ ಆಫ್ ಸ್ಟೀಲ್’ ತೆರೆಗೆ ಬಂದಾಗ ಚಿತ್ರದ ಬಗ್ಗೆ ಎಷ್ಟು ಜಗಳ ನಡೆಯಿತೋ ಅದರ ಸಂಗೀತದ ಬಗ್ಗೆಯೂ ಹೆಚ್ಚೂಕಡಿಮೆ ಅಷ್ಟೇ ನಡೆಯಿತು. ದೂರಿನ ಸಾರ ಇಷ್ಟು: ಸೂಪರ್‌ಮ್ಯಾನ್ ಹಾರುತ್ತಿದ್ದಾನೆ, ಆದರೆ ಕಹಳೆ ಎಲ್ಲಿ? ಹಾನ್ಸ್ ಜಿಮ್ಮರ್ ಕೊಟ್ಟದ್ದು ಪಿಯಾನೊದ ಒಂಟಿ ಸ್ವರಗಳು, ತಗ್ಗಿನಲ್ಲಿ ಗುಂಯ್‌ಗುಡುವ ತಂತಿವಾದ್ಯಗಳು, ಆಮೇಲೆ ಕಿವಿ ತುಂಬಿ ಚೆಲ್ಲುವಷ್ಟು ಡ್ರಮ್ಮು. ಚಿತ್ರಮಂದಿರದಿಂದ ಹೊರಬರುವಾಗ ಗುನುಗಲು ಏನೂ ಸಿಗಲಿಲ್ಲ ಎಂದು ಬಹಳ ಜನ ಬೇಸರಪಟ್ಟರು. ಕೆಲವೇ ವರ್ಷಗಳಲ್ಲಿ ಅದೇ ಸಂಗೀತವನ್ನು ಜಿಮ್ಮರ್ ತಮ್ಮ ಕಛೇರಿಗಳಲ್ಲಿ ನುಡಿಸತೊಡಗಿದರು. 2016ರಲ್ಲಿ ಪ್ರಾಗ್‌ನಲ್ಲಿ ನಡೆದ, ಆಮೇಲೆ ಧ್ವನಿಮುದ್ರಿಕೆಯಾಗಿಯೂ ಬಂದ ಕಛೇರಿಯಲ್ಲಿ ಅದಕ್ಕೂ ಜಾಗವಿತ್ತು. ಸ್ವರ ಒಂದೂ ಬದಲಾಗಿರಲಿಲ್ಲ. ಕೇಳುವವರ ಕಿವಿ ಬದಲಾಗಿತ್ತು.

ಮೊದಲ ಅನಿಸಿಕೆ ಯಾವತ್ತೂ ದುಡುಕು, ಒಳ್ಳೆಯ ಸಂಗೀತ ನಿಧಾನಕ್ಕೇ ಇಳಿಯುತ್ತದೆ ಎಂದು ಇದರಿಂದ ಹೊರಡಿಸಿಬಿಡುವುದು ಸುಲಭ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಮೊದಲ ಸಲ ಕೇಳಿದಾಗ ಕಿವಿ ಕೆಲವು ಸಂಗತಿಗಳನ್ನು ತುಂಬಾ ಸರಿಯಾಗಿ ಹಿಡಿಯುತ್ತದೆ. ಆದರೆ ಸೂಪರ್‌ಹೀರೊ ಚಿತ್ರದ ವಿಷಯದಲ್ಲಿ ನಾವು ಅದಕ್ಕೆ ಕೇಳುವ ಪ್ರಶ್ನೆಯೊಂದು ಅದರ ಕೈಯಲ್ಲಿ ಆಗದ್ದು. ನಾಯಕನ ‘ಥೀಮ್’ ಗಟ್ಟಿಯಾಗಿದೆಯೇ ಎಂಬ ಪ್ರಶ್ನೆಗೆ ಉತ್ತರ ಮೊದಲ ಸಲ ಕೇಳಿದವರ ಬಳಿ ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ.

ಜಿಮ್ಮರ್ ಅವರನ್ನು ಯಾರ ಜೊತೆ ಹೋಲಿಸಿದೆವು ಎಂಬುದನ್ನು ಮೊದಲು ನೋಡಬೇಕು. ಜಾನ್ ವಿಲಿಯಮ್ಸ್ 1978ರ ‘ಸೂಪರ್‌ಮ್ಯಾನ್’ಗೆ ಬರೆದ ಸಂಗೀತವನ್ನು ಲಂಡನ್ ಸಿಂಫೊನಿ ಆರ್ಕೆಸ್ಟ್ರಾ ನುಡಿಸಿತ್ತು. ಅದರ ಹಿಂದಿನ ವರ್ಷ ‘ಸ್ಟಾರ್ ವಾರ್ಸ್’ಗೆ ನುಡಿಸಿದ್ದೂ ಅದೇ ವಾದ್ಯವೃಂದ. ಚಿತ್ರದ ಶೀರ್ಷಿಕೆ ಭಾಗವನ್ನು ಇವತ್ತು ಕೇಳಿದರೂ ಅದರ ಕಟ್ಟೋಣ ಬೆರಗು ಹುಟ್ಟಿಸುತ್ತದೆ. ದೂರದಲ್ಲೆಲ್ಲೋ ಹಿತ್ತಾಳೆ ವಾದ್ಯದ ಮೆಲುದನಿ. ಅದು ಹತ್ತಿರವಾದಂತೆ ಒಂದರ ಮೇಲೊಂದು ವಾದ್ಯ ಸೇರುತ್ತದೆ. ನೀಲಿ ಅಕ್ಷರಗಳು ಆಕಾಶ ಸೀಳಿಕೊಂಡು ಬರುತ್ತವೆ. ಕೆಳಗೆ ಒಂದೇ ಲಯ ಕುದುರೆಯ ನಾಗಾಲೋಟದ ಹಾಗೆ ಓಡುತ್ತಿರುತ್ತದೆ. ಅದರ ಮೇಲೆ ಕಹಳೆ ಮುಖ್ಯವಾಗಿ ಷಡ್ಜ ಪಂಚಮಗಳ ನಡುವೆಯೇ ನೆಗೆಯುತ್ತದೆ. ಸಂಗೀತ ಕಲಿಯದವರ ಕಂಠಕ್ಕೂ ಸಿಗುವ ನೆಗೆತ ಅದು; ಕಹಳೆಯ ಹಿತ್ತಾಳೆ ಕೊಳವೆಗೂ ತೀರಾ ಸಹಜವಾದದ್ದು. ಗುನುಗಲು ಬರುವ ಗುಟ್ಟು ಇಲ್ಲಿದೆ. ಸಾಲಿನ ಕೊನೆಯ ಮೂರು ಸ್ವರಗಳು ನಾಯಕನ ಹೆಸರನ್ನೇ ಕೂಗಿದಂತೆ ಕೇಳುತ್ತವೆ ಎಂದು ನಿರ್ದೇಶಕ ರಿಚರ್ಡ್ ಡಾನರ್ ಸಂಭ್ರಮದಿಂದ ಹೇಳುತ್ತಿದ್ದರು. ಒಮ್ಮೆ ಆ ಮಾತು ಕಿವಿಗೆ ಬಿದ್ದರೆ ಆಮೇಲೆ ಹಾಗಲ್ಲದೆ ಕೇಳಿಸುವುದೇ ಇಲ್ಲ.

ಅಕಾಡೆಮಿ ಮಾತ್ರ ಆ ವರ್ಷದ ಆಸ್ಕರ್ ಅನ್ನು ‘ಮಿಡ್‌ನೈಟ್ ಎಕ್ಸ್‌ಪ್ರೆಸ್’ ಚಿತ್ರದ ಸಿಂಥಸೈಸರ್ ಸಂಗೀತಕ್ಕಾಗಿ ಜಾರ್ಜಿಯೊ ಮೊರೊಡರ್ ಅವರಿಗೆ ಕೊಟ್ಟಿತು. ‘ಸೂಪರ್‌ಮ್ಯಾನ್’ ನಾಮನಿರ್ದೇಶನದಲ್ಲೇ ಉಳಿಯಿತು. ಯಂತ್ರದ ಸದ್ದು ಸಿನಿಮಾ ಸಂಗೀತವನ್ನು ಹಾಳುಮಾಡಿತು ಎಂದು ಜಿಮ್ಮರ್ ಅವರನ್ನು ದೂರುವವರು ಈ ಚಿಕ್ಕ ಸಂಗತಿಯನ್ನು ನೆನಪಿಡಬೇಕು.

ವಿಲಿಯಮ್ಸ್ ಅವರ ಆ ಥೀಮ್ 1978ಕ್ಕೆ ನಿಲ್ಲಲಿಲ್ಲ. 1980 ಮತ್ತು 1983ರ ಭಾಗಗಳಲ್ಲಿ ಕೆನ್ ಥಾರ್ನ್ ಅದನ್ನು ಒಗ್ಗಿಸಿ ಬಳಸಿದರು, 1987ರ ನಾಲ್ಕನೇ ಚಿತ್ರಕ್ಕೆ ಅಲೆಕ್ಸಾಂಡರ್ ಕರೇಜ್ ಆ ಕೆಲಸ ಮಾಡಿದರು, 2006ರ ‘ಸೂಪರ್‌ಮ್ಯಾನ್ ರಿಟರ್ನ್ಸ್’ಗೆ ಜಾನ್ ಆಟ್‌ಮನ್ ಮತ್ತೆ ಅದನ್ನೇ ತಂದರು. ಇದರ ಜೊತೆಗೆ ಟಿವಿ ಮರುಪ್ರಸಾರ, ಕ್ಯಾಸೆಟ್ಟು, ಜಗತ್ತಿನಾದ್ಯಂತ ಸಿಂಫೊನಿ ಕಛೇರಿಗಳು. 2013ರಲ್ಲಿ ಚಿತ್ರಮಂದಿರಕ್ಕೆ ಹೋದ ಪ್ರೇಕ್ಷಕನ ಕಿವಿಯಲ್ಲಿ ಮೂವತ್ತೈದು ವರ್ಷ ಹಳಸದೆ ಕೂತಿದ್ದ ಒಂದು ರಾಗ ಒಂದು ಕಡೆ. ಅದೇ ಸಂಜೆ ಮೊದಲ ಬಾರಿಗೆ ಕಿವಿಗೆ ಬಿದ್ದ ರಾಗ ಇನ್ನೊಂದು ಕಡೆ. ಯಾವುದು ನೆನಪಿನಲ್ಲಿ ಉಳಿಯಿತು ಎಂದು ಕೇಳಿ, ಸಿಕ್ಕ ಉತ್ತರವನ್ನು ಗುಣದ ತೀರ್ಪು ಎಂದು ಸಾರಿದೆವು. ಇದನ್ನು ಸ್ಪರ್ಧೆ ಎನ್ನಲಾದೀತೆ? ವಿಲಿಯಮ್ಸ್ ನೆರಳಿಗೆ ಅಂಜಿಯೇ ಈ ಕೆಲಸಕ್ಕೆ ಕೈಹಾಕಲು ಹಿಂದೆಮುಂದೆ ನೋಡಿದ್ದಾಗಿ ಜಿಮ್ಮರ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅಂಜಿದ್ದು ಸರಿಯೇ ಇತ್ತು.

ಇನ್ನೊಂದು ತೊಡಕು: ‘ಮೊದಲ ಅನಿಸಿಕೆ’ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದು ನಿಜಕ್ಕೂ ಮೊದಲನೆಯದಾಗಿ ಉಳಿದಿಲ್ಲ. ‘ಮ್ಯಾನ್ ಆಫ್ ಸ್ಟೀಲ್’ನ ಮೊದಲ ಟೀಸರ್ 2012ರಲ್ಲಿ ಬಂದಾಗ ಅದರಲ್ಲಿ ಕೇಳಿದ್ದು ‘ಲಾರ್ಡ್ ಆಫ್ ದ ರಿಂಗ್ಸ್’ಗೆ ಹವರ್ಡ್ ಶೋರ್ ಬರೆದಿದ್ದ ಶೋಕದ ಹಾಡು. ಆ ವಿಷಾದವನ್ನು ಸೂಪರ್‌ಮ್ಯಾನ್‌ಗೆ ಅಂಟಿಸಿಕೊಂಡವರು ಬಹಳ ಜನ. ಜಿಮ್ಮರ್ ಅವರ ಸಂಗೀತ ಟ್ರೇಲರ್‌ಗೆ ಬಂದದ್ದು ಆಮೇಲೆ. ಚಿತ್ರ ತೆರೆ ಕಾಣುವ ಮೂರು ದಿನ ಮೊದಲು ಆಲ್ಬಮ್ ಬಂತು. ಕಥೆಯ ಗೊಡವೆಯೇ ಇಲ್ಲದೆ, ಬಸ್ಸಿನಲ್ಲೋ ಮೆಟ್ರೊದಲ್ಲೋ ಕೂತು ಹೆಡ್‌ಫೋನ್ ಹಾಕಿಕೊಂಡು ಕೇಳಿದವರ ತೀರ್ಪು ಚಿತ್ರಕ್ಕಿಂತ ಮುಂಚೆಯೇ ಸಿದ್ಧವಾಗಿತ್ತು. ದೃಶ್ಯಕ್ಕೆಂದು ಬರೆದ ಸಂಗೀತ ದೃಶ್ಯ ನೋಡದವರ ಮುಂದೆ ಪರೀಕ್ಷೆಗೆ ಕೂತದ್ದು ಹೀಗೆ.

ದೃಶ್ಯದ ಜೊತೆ ಕೇಳಿದರೆ ಏನಾಗುತ್ತದೆ? ಇನ್ನೂ ಸೂಪರ್‌ಮ್ಯಾನ್ ಆಗದ ಕ್ಲಾರ್ಕ್ ಮೊದಲ ಸಲ ಹಾರುವ ಸನ್ನಿವೇಶವನ್ನು ತೆಗೆದುಕೊಳ್ಳೋಣ. ಅವನಿಗೆ ಆಗಷ್ಟೇ ಉಡುಪು ಸಿಕ್ಕಿದೆ, ಸುತ್ತ ಹಿಮ. ಜಿಗಿಯುತ್ತಾನೆ, ಮಗುವಿನ ಹಾಗೆ ನಗುತ್ತಾನೆ, ತೋಲ ತಪ್ಪಿ ಬೆಟ್ಟಕ್ಕೆ ಬಡಿದು ಬೀಳುತ್ತಾನೆ. ಬಿದ್ದಲ್ಲಿಂದ ಎದ್ದು ಮಂಡಿಯೂರಿ ಮುಷ್ಟಿಯನ್ನು ನೆಲಕ್ಕೆ ಒತ್ತಿದಾಗ ಹಿಮದ ಹರಳುಗಳು ನಡುಗಿ ಮೇಲೇಳುತ್ತವೆ. ವಿಲಿಯಮ್ಸ್ ಅವರ ಕಹಳೆಯನ್ನು ಇಲ್ಲಿ ಊಹಿಸಿಕೊಳ್ಳಿ: ಬೀಳುವವನಿಗೆ ಆ ಕಹಳೆ ಹೊಂದುವುದೇ ಇಲ್ಲ. ಅದು ತಾನು ಯಾರೆಂದು ಗೊತ್ತಿರುವವನ ಸಂಗೀತ. ಕ್ರಿಸ್ಟೊಫರ್ ರೀವ್ ಅಭಿನಯದ ಸೂಪರ್‌ಮ್ಯಾನ್‌ಗೆ ಅದು ಗೊತ್ತಿತ್ತು, ಪ್ರೇಕ್ಷಕರಿಗೂ ಗೊತ್ತಿತ್ತು. ಹೆನ್ರಿ ಕ್ಯಾವಿಲ್ ಅಭಿನಯದವನಿಗೆ ಗೊತ್ತಿಲ್ಲ. ಅದಕ್ಕೇ ಜಿಮ್ಮರ್ ಅವರ ಥೀಮ್ ಚಿತ್ರದ ಬಹುಪಾಲು ಅರ್ಧಕ್ಕೇ ನಿಲ್ಲುತ್ತದೆ. ಎರಡು ಸ್ವರ ಮೇಲೆ ಹೋಗಿ ಉತ್ತರಕ್ಕೆ ಕಾಯುತ್ತಾ ಕೂರುತ್ತದೆ. ಹಾರಾಟದ ಹೊತ್ತಿಗೆ ಅದಕ್ಕೆ ಮೈ ಬರುತ್ತದೆ. ಕ್ಯಾನ್ಸಸ್ ಹೊಲದಲ್ಲಿ ಬೆಳೆದ ಹುಡುಗನಿಗೆಂದು ಅಮೆರಿಕದ ಹಳ್ಳಿ ಹಾಡುಗಳ ಪೆಡಲ್ ಸ್ಟೀಲ್ ಗಿಟಾರುಗಳನ್ನು ಹಲವು ಸೇರಿಸಿ ಪಿಟೀಲು ತಂಡದ ಹಾಗೆ ನುಡಿಸಿದ್ದೂ ಇದೇ ಸಂಗೀತದಲ್ಲಿ. ಮೊದಲ ಸಲ ಕೇಳುವಾಗ ಅದು ಗಿಟಾರೆಂದು ಗೊತ್ತಾಗುವುದೂ ಕಷ್ಟ.

ಹಾಗೆಂದು ಮೊದಲ ಕಿವಿಯನ್ನು ಪೂರ್ತಿ ತಳ್ಳಿಹಾಕಲಾರೆ. ಚಿತ್ರದ ಕೊನೆಯಲ್ಲಿ ಮೆಟ್ರೊಪೊಲಿಸ್ ನಗರ ಪುಡಿಪುಡಿಯಾಗುವ ಕಾದಾಟವಿದೆಯಲ್ಲ, ಅಲ್ಲಿ ಮೊದಲ ದಿನದ ದೂರು ಅಕ್ಷರಶಃ ನಿಜ. ಶೀಲಾ ಇ., ಜೇಸನ್ ಬಾನಮ್, ಫರೆಲ್ ವಿಲಿಯಮ್ಸ್ ಥರದ ಹೆಸರಾಂತ ಡ್ರಮ್ ವಾದಕರನ್ನು ಒಟ್ಟಿಗೆ ಕೂರಿಸಿ ಜಿಮ್ಮರ್ ಧ್ವನಿಮುದ್ರಿಸಿದ್ದರು. ಒಬ್ಬೊಬ್ಬರ ಕೈಯಲ್ಲೂ ಬೇರೆ ಬೇರೆ ನಡೆ ಇರುವ ಅಂಥವರು ಸೇರಿ ಬಾರಿಸಿದ್ದು ಕಟ್ಟಡಗಳು ಬೀಳುವ ಸದ್ದಿನ ಅಡಿಯಲ್ಲಿ ಒಂದೇ ಮುದ್ದೆಯಾಗಿದೆ. ಹತ್ತನೇ ಸಲ ಕೇಳಿದರೂ ಅದು ಮುದ್ದೆಯೇ. ನಾದದ ಬಣ್ಣ, ಅಬ್ಬರದ ಅಳತೆ, ಎಲ್ಲಿ ಉಸಿರಾಡಲು ಬಿಟ್ಟಿದ್ದಾರೆ ಎಲ್ಲಿ ಬಿಟ್ಟಿಲ್ಲ ಎಂಬುದು, ಇವೆಲ್ಲ ಮೊದಲ ಸಲಕ್ಕೇ ಕಿವಿಗೆ ದಕ್ಕುತ್ತವೆ. ಇಂಥದ್ದರಲ್ಲಿ ಕಾಲ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ.

ಗುನುಗಲು ಬರದ ಸಂಗೀತದ ಬಗ್ಗೆ ಅತಿ ಹೆಚ್ಚು ಚರ್ಚೆಯಾದದ್ದು ಮಾರ್ವೆಲ್ ಚಿತ್ರಗಳ ವಿಚಾರದಲ್ಲಿ. ಟೋನಿ ಝೌ ತಮ್ಮ ‘ಎವೆರಿ ಫ್ರೇಮ್ ಎ ಪೇಂಟಿಂಗ್’ ಸರಣಿಯ 2016ರ ವಿಡಿಯೊ ಪ್ರಬಂಧದಲ್ಲಿ ಜನರನ್ನು ನಿಲ್ಲಿಸಿ ‘ಸ್ಟಾರ್ ವಾರ್ಸ್’ ಹಾಡಿ ಎಂದರು, ಹಾಡಿದರು. ಜೇಮ್ಸ್ ಬಾಂಡ್, ಹ್ಯಾರಿ ಪಾಟರ್ ಎಂದರು, ಅದನ್ನೂ ಹಾಡಿದರು. ಮಾರ್ವೆಲ್ ಚಿತ್ರದ ಯಾವುದಾದರೂ ಥೀಮ್ ಎಂದಾಗ ಎಲ್ಲರ ಬಾಯಿ ಕಟ್ಟಿತು. ಝೌ ಬೊಟ್ಟುಮಾಡಿದ ಕಾರಣಗಳಲ್ಲಿ ಮುಖ್ಯವಾದದ್ದು ‘ಟೆಂಪ್ ಮ್ಯೂಸಿಕ್’. ಸಂಕಲನದ ಮೇಜಿನ ಮೇಲೆ ದೃಶ್ಯವನ್ನು ಕತ್ತರಿಸಿ ಜೋಡಿಸುವಾಗ ಹೊಸ ಸಂಗೀತ ಇನ್ನೂ ಹುಟ್ಟಿರುವುದಿಲ್ಲ. ಲಯ ಸಿಗಲೆಂದು ಬೇರೆ ಯಾವುದೋ ಚಿತ್ರದ ಸಂಗೀತವನ್ನು ತಾತ್ಕಾಲಿಕವಾಗಿ ಕೂರಿಸುತ್ತಾರೆ. ತಿಂಗಳುಗಟ್ಟಲೆ ಅದನ್ನೇ ಕೇಳಿದ ನಿರ್ದೇಶಕರ ಕಿವಿ ಅದಕ್ಕೇ ಒಗ್ಗಿಬಿಡುತ್ತದೆ. ಕೊನೆಗೆ ಸಂಗೀತಗಾರರನ್ನು ಕರೆದು, ‘ಹೀಗೇ ಬೇಕು, ಆದರೆ ಇದೇ ಬೇಡ’ ಎನ್ನುತ್ತಾರೆ.

ಕುತೂಹಲದ ಸಂಗತಿಯೆಂದರೆ ಇಲ್ಲಿ ಮೊದಲ ಅನಿಸಿಕೆಗೆ ಸಿಕ್ಕಿಬಿದ್ದವರು ಪ್ರೇಕ್ಷಕರಲ್ಲ, ನಿರ್ದೇಶಕರು. ಹೊಸ ಸಂಗೀತ ಅವರ ಕಿವಿಗೆ ಬಿದ್ದ ಮೊದಲ ದಿನ ಅದಕ್ಕೆ ಎದುರಾಳಿಯಾಗಿ ತಿಂಗಳುಗಳ ರೂಢಿ ನಿಂತಿರುತ್ತದೆ. ಸ್ಟ್ಯಾನ್ಲಿ ಕ್ಯೂಬ್ರಿಕ್ 1968ರ ‘2001: ಎ ಸ್ಪೇಸ್ ಒಡಿಸಿ’ಗೆ ಅಲೆಕ್ಸ್ ನಾರ್ತ್ ಬರೆದುಕೊಟ್ಟ ಸಂಗೀತವನ್ನು ಬದಿಗಿಟ್ಟು, ಸಂಕಲನದ ಹೊತ್ತಿಗೆ ಬಳಸಿದ್ದ ಶಾಸ್ತ್ರೀಯ ಕೃತಿಗಳನ್ನೇ ಉಳಿಸಿಕೊಂಡರು. ಫಲ ಚೆನ್ನಾಗಿಯೇ ಬಂತು. ನಾರ್ತ್ ಅವರಿಗೆ ಮಾತ್ರ ಅದು ತಮ್ಮ ಸಂಗೀತವಿಲ್ಲದ ಚಿತ್ರವೆಂದು ಗೊತ್ತಾದದ್ದು ಚಿತ್ರ ನೋಡುವಾಗ.

ಝೌ ವಾದಕ್ಕೆ ಡ್ಯಾನ್ ಗೋಲ್ಡಿಂಗ್ ಅದೇ ವರ್ಷ ಇನ್ನೊಂದು ವಿಡಿಯೊದಲ್ಲಿ ಉತ್ತರ ಕೊಟ್ಟರು. ತಾತ್ಕಾಲಿಕ ಸಂಗೀತ ‘ಸ್ಟಾರ್ ವಾರ್ಸ್’ ಕಾಲದಲ್ಲೂ ಇತ್ತು, ಹಳೆಯ ಸಂಗೀತದ ನೆರಳು ವಿಲಿಯಮ್ಸ್ ಅವರಲ್ಲೂ ಬೇಕಾದಷ್ಟಿದೆ. ನಿಜವಾಗಿ ಬದಲಾದದ್ದು ಕಂಪ್ಯೂಟರಿನ ಮುಂದೆ ಕೂತು ಸಂಗೀತ ಕಟ್ಟುವ ವಿಧಾನ, ಅದರಿಂದಾಗಿ ರಾಗಕ್ಕಿಂತ ಲಯ ಮತ್ತು ನಾದದ ಮೈಗೆ ಮೇಲುಗೈ ಸಿಕ್ಕಿತು ಎಂಬುದು ಅವರ ಮಾತು. ನನಗೆ ಇಬ್ಬರೂ ಅರ್ಧರ್ಧ ಸರಿ ಎನಿಸುತ್ತಾರೆ. ಆದರೆ ಮಾರ್ವೆಲ್ ಸಂಸ್ಥೆಯೊಳಗೇ ಇದ್ದ ಇನ್ನೊಂದು ಕಾರಣ ತೀರಾ ಸಾದಾ ಲೆಕ್ಕದ್ದು. ‘ಐರನ್ ಮ್ಯಾನ್’ ಮೂರು ಚಿತ್ರಗಳಿಗೆ ಮೂವರು ಸಂಗೀತಗಾರರು: 2008ಕ್ಕೆ ರಮಿನ್ ಜವಾದಿ, 2010ಕ್ಕೆ ಜಾನ್ ಡೆಬ್ನಿ, 2013ಕ್ಕೆ ಬ್ರಯನ್ ಟೈಲರ್. ‘ಥಾರ್’ಗೂ ಇದೇ ಗತಿ: ಪ್ಯಾಟ್ರಿಕ್ ಡಾಯ್ಲ್, ಮತ್ತೆ ಟೈಲರ್, ಆಮೇಲೆ ಮಾರ್ಕ್ ಮದರ್ಸ್‌ಬಾ. ಪ್ರತಿ ಸಲ ಹೊಸಬರು, ಪ್ರತಿ ಸಲ ಬಹುಮಟ್ಟಿಗೆ ಹೊಸ ರಾಗ. ಡಾಯ್ಲ್ ಬರೆದದ್ದು ಕಳಪೆಯೇನಲ್ಲ. ಮತ್ತೆ ಮತ್ತೆ ಕೇಳಿಸಿಕೊಳ್ಳುವ ಅವಕಾಶ ಅದಕ್ಕೆ ಸಿಗಲಿಲ್ಲ. ಥಾರ್‌ನ ಪ್ರೇಕ್ಷಕರು ಬರೀ ಮೊದಲ ಅನಿಸಿಕೆಗಳನ್ನೇ ಒಂದರ ಮೇಲೊಂದು ಪೇರಿಸಿಕೊಂಡರು.

ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಣ್ಣದ ವೇಷ ತೆರೆಯ ಹಿಂದೆ ಆರ್ಭಟಿಸುತ್ತದೆ, ಚೆಂಡೆ ಏರುತ್ತದೆ, ತೆರೆ ಅಲುಗುತ್ತದೆ, ಕಿರೀಟದ ತುದಿ ಒಂದಿಷ್ಟು ಕಂಡು ಮರೆಯಾಗುತ್ತದೆ. ನಿದ್ದೆ ಹತ್ತಿದ ಮಕ್ಕಳನ್ನು ಆಗ ಎಬ್ಬಿಸುತ್ತಾರೆ. ಅದರಲ್ಲಿ ಹೊಸತು ಏನಿದೆ ಎಂದು ಯಾರೂ ಕೇಳುವುದಿಲ್ಲ. ಕಳೆದ ಆಟದಲ್ಲೂ ಹಾಗೇ ಇತ್ತು, ಅದಕ್ಕೇ ಈ ಸಲ ಮೈ ಜುಮ್ಮೆನ್ನುತ್ತದೆ. ಪ್ರವೇಶದ ಸಂಗೀತ ಕೆಲಸ ಮಾಡುವುದು ಅದರ ಗುರುತು ಸಿಕ್ಕಾಗ. ಗುರುತು ಸಿಗಬೇಕೆಂದರೆ ಮೊದಲು ಒಮ್ಮೆಯಾದರೂ ಭೇಟಿಯಾಗಿರಬೇಕು.

ಅದನ್ನು ಮಾರ್ವೆಲ್ ತಾನೇ ಸಾಬೀತು ಮಾಡಿತು, ಬಹುಶಃ ಉದ್ದೇಶವಿಲ್ಲದೆಯೇ. 2012ರ ‘ದಿ ಅವೆಂಜರ್ಸ್’ಗೆ ಆಲನ್ ಸಿಲ್ವೆಸ್ಟ್ರಿ ಬರೆದ ಥೀಮ್ ನ್ಯೂಯಾರ್ಕ್ ಬೀದಿಯಲ್ಲಿ ಆರೂ ಜನ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವಾಗ ಪೂರ್ತಿಯಾಗಿ ಕೇಳುತ್ತದೆ. ನಾಲ್ಕು ವರ್ಷದ ಮೇಲೆ ಝೌ ಕೇಳಿದಾಗ ಯಾರ ಬಾಯಿಗೂ ಅದು ಬರಲಿಲ್ಲ ಎಂಬುದನ್ನು ಮರೆಯಬಾರದು. 2015ರ ಎರಡನೇ ಚಿತ್ರದಲ್ಲಿ ಸಿಲ್ವೆಸ್ಟ್ರಿ ಇರಲಿಲ್ಲ, ಆದರೂ ಡ್ಯಾನಿ ಎಲ್ಫ್‌ಮನ್ ಆ ಥೀಮನ್ನು ತಮ್ಮ ಸಂಗೀತದೊಳಗೆ ಹೆಣೆದರು. 2018ರಲ್ಲಿ ಸಿಲ್ವೆಸ್ಟ್ರಿ ಮರಳಿ ಬಂದರು. 2019ರ ‘ಎಂಡ್‌ಗೇಮ್’ನಲ್ಲಿ ಮುರಿದ ಗುರಾಣಿ ಹಿಡಿದು ಕ್ಯಾಪ್ಟನ್ ಅಮೆರಿಕ ಒಬ್ಬನೇ ನಿಂತಿರುವಾಗ ಅವನ ಬೆನ್ನ ಹಿಂದೆ ಕಿಡಿಗಳ ಉಂಗುರವೊಂದು ತೆರೆದುಕೊಳ್ಳುತ್ತದೆ. ಸಂಗೀತ ಅವಸರ ಮಾಡುವುದಿಲ್ಲ. ತಂತಿವಾದ್ಯಗಳು ನಿಧಾನಕ್ಕೆ ಮೆಟ್ಟಿಲು ಹತ್ತುತ್ತವೆ, ಉಂಗುರದ ಮೇಲೆ ಉಂಗುರ ತೆರೆಯುತ್ತದೆ, ವೃಂದಗಾನ ಸೇರುತ್ತದೆ, ಥೀಮ್ ಮಾತ್ರ ಇನ್ನೂ ಬರುವುದಿಲ್ಲ. ಕ್ಯಾಪ್ಟನ್ ‘ಅವೆಂಜರ್ಸ್, ಅಸೆಂಬಲ್’ ಎಂಬ ತನ್ನ ಎರಡು ಪದ ಹೇಳಿ ಮುಗಿಸುವ ಹೊತ್ತಿಗೆ ಅದು ಬೀಳುತ್ತದೆ. ಸಿಳ್ಳೆ ಹೊಡೆಯಲು ನಮ್ಮ ಪ್ರೇಕ್ಷಕರಿಗೆ ಹೇಳಿಕೊಡಬೇಕೆ? ಅಮೆರಿಕದಲ್ಲೂ ಬೆಂಗಳೂರಿನಲ್ಲೂ ಚಿತ್ರಮಂದಿರಗಳು ಕೂಗಿಕೊಂಡ ಕ್ಷಣ ಅದು. ಯಾರೂ ಗುನುಗಲಾರದ್ದು ಎಂದು ಪಟ್ಟಿಗೆ ಸೇರಿದ್ದ ಅದೇ ಸ್ವರಗಳು. ಸಾಧಾರಣ ರಾಗವೊಂದು ಪದೇಪದೇ ಕೇಳಿ ದೊಡ್ಡದಾಯಿತು ಎನ್ನುವವರಿಗೆ ನನ್ನದೊಂದು ತಕರಾರಿದೆ: ಹಾಗಿದ್ದರೆ ಪದೇಪದೇ ಕೇಳುವ ಜಾಹೀರಾತಿನ ಸಂಗೀತಕ್ಕೂ ಸಿಳ್ಳೆ ಬೀಳಬೇಕಿತ್ತು. ಸಿಲ್ವೆಸ್ಟ್ರಿ ಅದನ್ನು ಎಲ್ಲಿ ತಡೆಹಿಡಿದರು ಎಂಬುದರಲ್ಲಿ ಕಸುಬಿದೆ.

ಮೊದಲ ಸಲಕ್ಕೇ ನಾಟುವ ಥೀಮ್ ಇಲ್ಲವೇ ಇಲ್ಲವೆ? ಇದೆ. ಮೈಕಲ್ ಜಿಯಾಕಿನೊ 2022ರ ‘ದಿ ಬ್ಯಾಟ್‌ಮ್ಯಾನ್’ಗೆ ಬರೆದ ನಾಲ್ಕು ಸ್ವರ ಅಂಥದ್ದು. ಚಿತ್ರೀಕರಣಕ್ಕೂ ಮುಂಚೆಯೇ ಅವರು ಅದನ್ನು ಬರೆದು ನಿರ್ದೇಶಕ ಮ್ಯಾಟ್ ರೀವ್ಸ್ ಕೈಗೆ ಕೊಟ್ಟಿದ್ದರಂತೆ. ಅಂದರೆ ಇಲ್ಲಿ ಒಗ್ಗಿಹೋಗುವ ಭಾಗ್ಯ ಬೇರೆ ಚಿತ್ರದ ಸಂಗೀತಕ್ಕೆ ಸಿಗದೆ ಈ ಚಿತ್ರದ ಸಂಗೀತಕ್ಕೇ ಸಿಕ್ಕಿತು. ಹೆಣದ ಮೆರವಣಿಗೆಯ ನಡಿಗೆ ಅದು, ಮೊದಲ ಸಲ ಕೇಳಿದವರೂ ಮರುದಿನ ನೆನಪಿಟ್ಟುಕೊಳ್ಳುತ್ತಾರೆ. ಕೆಲವರು ಅದರಲ್ಲಿ ಶೋಪಾಂನನ್ನು ಕೇಳಿದರು, ಕೆಲವರು ‘ಸ್ಟಾರ್ ವಾರ್ಸ್’ನ ಡಾರ್ತ್ ವೇಡರ್‌ನನ್ನು. ಆದರೆ ಸುಮಾರು ಮೂರು ಗಂಟೆಯ ಚಿತ್ರದಲ್ಲಿ ಅದು ಎಷ್ಟು ಸಲ ಬರುತ್ತದೆಂದರೆ ಒಂದು ಹಂತದಲ್ಲಿ ಸುತ್ತಿಗೆ ಏಟಿನಂತಾಗುತ್ತದೆ. ನಾಟಿದ್ದು ಬೇಗ, ದಣಿದದ್ದೂ ಬೇಗ. ಮೊದಲ ಅನಿಸಿಕೆ ಮೆಚ್ಚಿಕೊಂಡ ಗುಣವೇ ಆಮೇಲೆ ಹೊರೆಯಾಗುವುದಕ್ಕೆ ಇದು ನನ್ನ ಉದಾಹರಣೆ. ಜಿಯಾಕಿನೊ ಅಭಿಮಾನಿಗಳು ಒಪ್ಪಲಾರರು.

ಜಿಮ್ಮರ್ ಅವರ ಸೂಪರ್‌ಮ್ಯಾನ್‌ಗೆ ಒಗ್ಗಿಹೋಗುವ ಭಾಗ್ಯ ಅರೆಬರೆಯಾಗಿ ಸಿಕ್ಕಿತು. 2016ರ ಮುಂದಿನ ಚಿತ್ರಕ್ಕೆ ಅವರು ಮತ್ತು ಜಂಕಿ ಎಕ್ಸ್‌ಎಲ್ ಅದನ್ನು ಮುಂದುವರಿಸಿದರು, 2017ರ ‘ಜಸ್ಟಿಸ್ ಲೀಗ್’ಗೆ ಬಂದ ಎಲ್ಫ್‌ಮನ್ ಅದನ್ನು ಬಿಟ್ಟು ವಿಲಿಯಮ್ಸ್ ಥೀಮಿನ ತುಣುಕನ್ನು ಎತ್ತಿಕೊಂಡರು, 2021ರ ಸ್ನೈಡರ್ ಆವೃತ್ತಿಯಲ್ಲಿ ಜಿಮ್ಮರ್ ಅವರದ್ದು ಮರಳಿತು. 2025ರಲ್ಲಿ ಜೇಮ್ಸ್ ಗನ್ ಹೊಸ ‘ಸೂಪರ್‌ಮ್ಯಾನ್’ ಮಾಡಿದಾಗ ಜಾನ್ ಮರ್ಫಿ ಮತ್ತು ಡೇವಿಡ್ ಫ್ಲೆಮಿಂಗ್ ಹಿಡಿದದ್ದು ಮತ್ತೆ 1978ರ ರಾಗವನ್ನೇ, ಈ ಸಲ ಎಲೆಕ್ಟ್ರಿಕ್ ಗಿಟಾರಿನಲ್ಲಿ. ಟೀಸರ್‌ನಲ್ಲಿ ಅದು ಕೇಳಿದ ಕೂಡಲೇ ಜನ ಮೆಚ್ಚಿಕೊಂಡರು. ಮೆಚ್ಚದೆ ಇನ್ನೇನು? ನಲವತ್ತೇಳು ವರ್ಷದ ಪರಿಚಯ. ಸ್ಟುಡಿಯೊಗೆ ಇದು ಸುರಕ್ಷಿತ ದಾರಿ, ತಪ್ಪೆನ್ನಲಾರೆ. ಆದರೆ ಮೊದಲ ವಾರಾಂತ್ಯದ ಚಪ್ಪಾಳೆಯನ್ನೇ ನೆಚ್ಚಿಕೊಂಡರೆ ಹೊಸ ಥೀಮ್ ಹುಟ್ಟುವ ದಾರಿ ಮುಚ್ಚುತ್ತದೆ. ಹೊಸದಕ್ಕೆ ಆ ವಾರಾಂತ್ಯದಲ್ಲಿ ಚಪ್ಪಾಳೆ ಬೀಳುವುದು ಅಪರೂಪ.

ಇದೇ ಜಿಮ್ಮರ್ ಈಗ ಎ. ಆರ್. ರೆಹಮಾನ್ ಜೊತೆ ನಿತೇಶ್ ತಿವಾರಿಯವರ ‘ರಾಮಾಯಣ’ಕ್ಕೆ ಸಂಗೀತ ಕೊಡುತ್ತಿದ್ದಾರೆ. ರಣಬೀರ್ ಕಪೂರ್ ರಾಮ, ನಮ್ಮ ಯಶ್ ರಾವಣ. ಮೊದಲ ಭಾಗ 2026ರ ದೀಪಾವಳಿಗೆ, ಎರಡನೆಯದು 2027ರ ದೀಪಾವಳಿಗೆ ಎಂಬುದು ಘೋಷಣೆ. 2025ರ ಜುಲೈನಲ್ಲಿ ಪರಿಚಯದ ವಿಡಿಯೊ ಬಂದಾಗಲೇ ಕೆಲವೇ ನಿಮಿಷಗಳ ಸಂಗೀತದ ಮೇಲೆ ಪರವಿರೋಧದ ಮಾತು ಶುರುವಾಗಿತ್ತು. ನನಗೆ ಅದರಲ್ಲಿ ಆಸಕ್ತಿ ಇರುವುದು ರಾವಣನ ಸಂಗೀತದ ಬಗ್ಗೆ. ತಗ್ಗಿನ ಹಿತ್ತಾಳೆ, ದೊಡ್ಡ ನಗಾರಿ, ಗಂಡಸರ ವೃಂದಗಾನ ಇಷ್ಟನ್ನು ಇಟ್ಟರೆ ಪ್ರವೇಶದ ದೃಶ್ಯಕ್ಕೆ ಸಿಳ್ಳೆ ಖಾತ್ರಿ. ಆದರೆ ನಮ್ಮ ರಾವಣ ವೀಣೆ ನುಡಿಸುವವನು, ಸಾಮಗಾನದಿಂದ ಶಿವನನ್ನು ಒಲಿಸಿಕೊಂಡವನು. ಇಂದ್ರಜಿತು ಬಿದ್ದ ಸುದ್ದಿ ಬಂದ ಮೇಲೆ ಅವನು ಒಬ್ಬನೇ ಕೂತಿರುವಾಗ ಅದೇ ಪ್ರವೇಶದ ಸ್ವರಗಳು ನಗಾರಿಯಿಲ್ಲದೆ, ಒಂದೇ ತಂತಿಯ ಮೇಲೆ ಮತ್ತೆ ಕೇಳಬಹುದೇ? ಕೇಳಿದರೆ ಗುರುತು ಸಿಗುವಂತೆ ಅದನ್ನು ಮೊದಲ ಭಾಗದಲ್ಲಿ ಬಿತ್ತಿರುತ್ತಾರೆಯೇ? ಕಥೆ ನಡೆಯುವ ಕ್ರಮ ನೋಡಿದರೆ ಅದು ಎರಡನೇ ಭಾಗದ ಮಾತು. ಅಲ್ಲಿಯವರೆಗೆ ಟ್ರೇಲರ್ ನೋಡಿ ಬರೆಯುವವರು ಬರೆಯುತ್ತಿರಲಿ, ನಾನೂ ಓದುತ್ತೇನೆ.